ಆಟಿಕೆ ಕ್ಯಾಮೆರಾ ಮತ್ತು ಮಲಪ್ರಭೆಯ ಸೀಮೆ

ಕಿತ್ತೂರು ಚೆನ್ನಮ್ಮನ ಒಂದೇ ಒಂದು ಫೋಟೋ ಕೂಡ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಹೊತ್ತಿಗೆ ಕೋಟೆ ಕಂಪನಿಯ ಕೈಸೇರಿತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಆಕೆ ಹೀಗೆ ಸೆರೆಯಲ್ಲಿದ್ದ ವರ್ಷಗಳಲ್ಲೇ, 1826-27ರ ಸುಮಾರಿಗೆ, ಫ್ರಾನ್ಸಿನ ಹಳ್ಳಿಯೊಂದರಲ್ಲಿ ನಿಯೆಪ್ಸ್ ಎಂಬಾತ ಲೋಹದ ತಗಡಿಗೆ ಒಂದು ಬಗೆಯ ಡಾಂಬರು ಬಳಿದು, ಪೆಟ್ಟಿಗೆಯೊಳಗಿಟ್ಟು, ತನ್ನ ಮನೆಯ ಕಿಟಕಿಯಿಂದ ಕಾಣುವ ಮಾಡುಗಳನ್ನು ಬೆಳಕಿನಿಂದಲೇ ಬರೆಸಿದ. ಇಂದು ಉಳಿದಿರುವ ಫೋಟೋಗಳಲ್ಲಿ ಅದೇ ಎಲ್ಲಕ್ಕೂ ಹಳೆಯದು. ಅಲ್ಲಿ ಒಂದು ಕಿಟಕಿ ಚಿತ್ರವಾಗುತ್ತಿದ್ದಾಗ, ಇಲ್ಲಿ ಬೈಲಹೊಂಗಲದಲ್ಲಿ ಇನ್ನೊಂದು ಕಿಟಕಿಯ ಹಿಂದೆ ಕೂತಿದ್ದವಳ ಮುಖ ಯಾವ ತಗಡಿನ ಮೇಲೂ ಮೂಡಲಿಲ್ಲ. ದಾಗೇರ್ ತನ್ನ ವಿಧಾನವನ್ನು ಜಗತ್ತಿಗೆ ಸಾರಿದ್ದು 1839ರಲ್ಲಿ. ಆಕೆ ಸತ್ತು ಅಷ್ಟೊತ್ತಿಗೆ ಹತ್ತು ವರ್ಷ ಕಳೆದಿತ್ತು.

ಹೀಗಾಗಿ ಇಂದು ನಾವು ನೋಡುವ ಚೆನ್ನಮ್ಮ ಕಲಾವಿದರ ಚೆನ್ನಮ್ಮ, ಶಿಲ್ಪಿಗಳ ಚೆನ್ನಮ್ಮ. ನನ್ನ ತಾಯಿಯ ವಯಸ್ಸಿನವರಿಗಂತೂ 1961ರಲ್ಲಿ ಬಿ.ಆರ್. ಪಂತುಲು ಮಾಡಿದ ಸಿನಿಮಾದ ಬಿ. ಸರೋಜಾದೇವಿಯೇ ಚೆನ್ನಮ್ಮ. ಸಂಗೊಳ್ಳಿ ರಾಯಣ್ಣನದೂ ಇದೇ ಕಥೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನ ಮುಖವನ್ನು ನಾವು ಲಾವಣಿಗಳಿಂದ ಕಟ್ಟಿಕೊಂಡಿದ್ದೇವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಸೀಮೆಯಲ್ಲಿ ಹಳೆಯ ಕ್ಯಾಮೆರಾಗಳ ಹುಚ್ಚು ಹಿಡಿಸಿಕೊಂಡು ತಿರುಗುವ ನನಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ರಾಣಿಯ ಫೋಟೋ ಇಲ್ಲದ್ದಕ್ಕೆ ಕಾಲ ಕಾರಣ. ಆಮೇಲೆ ಬಂದ ನಮ್ಮ ಅಜ್ಜ-ಅಜ್ಜಿಯರ ಫೋಟೋ ಇಲ್ಲದ್ದಕ್ಕೆ ಯಾರು ಕಾರಣ?

ಕ್ಯಾಮೆರಾ ಈ ಕಡೆಗೆ ಬಂದದ್ದು ಸರ್ಕಾರದ ಜೊತೆಗೆ. ಮುಂಬಯಿಯಲ್ಲಿ 1854ರಲ್ಲಿ ಫೋಟೋಗ್ರಫಿಯ ಸಂಘವೊಂದು ಹುಟ್ಟಿತು. ಮರುವರ್ಷ ಮುಂಬಯಿ ಸರ್ಕಾರ ತನ್ನ ಪ್ರಾಂತ್ಯದ ಹಳೆಯ ಕಟ್ಟಡಗಳ ಫೋಟೋ ತೆಗೆಯಲು ಸೈನ್ಯದ ಥಾಮಸ್ ಬಿಗ್ಸ್ ಎಂಬವನನ್ನು ನೇಮಿಸಿತು. ಅವನು ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಓಡಾಡಿದ. ಸೈನ್ಯ ಅವನನ್ನು ಮರಳಿ ಕರೆಸಿಕೊಂಡಾಗ ಆ ಕೆಲಸಕ್ಕೆ ಬಂದವನು ಡಾಕ್ಟರ್ ಪಿಗೊ. ಇವರಿಬ್ಬರ ಜೊತೆ ನೀಲ್ ಎಂಬವನು ತೆಗೆದ ಚಿತ್ರಗಳೂ ಸೇರಿ, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹದೊಂದಿಗೆ, 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವೊಂದು ಅಚ್ಚಾಯಿತು. ಆಮೇಲೆ ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿದ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ವರದಿಯೇ ನಮ್ಮ ಈ ನೆಲದ್ದು.

ಈ ಚಿತ್ರಗಳಿಗೆ ನಾನು ಋಣಿ. ಬಿದ್ದುಹೋದ ಎಷ್ಟೋ ಗೋಡೆಗಳು ಅವುಗಳಲ್ಲಿ ಇನ್ನೂ ನಿಂತಿವೆ. ಆದರೆ ಅವುಗಳ ಕಣ್ಣು ಇದ್ದದ್ದು ಕಲ್ಲಿನ ಮೇಲೆ. ಜನ ಬಂದರೆ ಕಂಬದ ಎತ್ತರ ಎಷ್ಟೆಂದು ಅಳೆಯುವುದಕ್ಕೆ ಬಂದರು. ಜನರಿಗೇ ಕ್ಯಾಮೆರಾ ಹಿಡಿದಾಗಲೂ ಆದದ್ದೇನು? 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ'ದಲ್ಲಿ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಯಾಗಿ ನಿಲ್ಲಿಸಿದರು. ಆ ಚಿತ್ರಗಳಲ್ಲಿರುವ ಬಹುತೇಕರಿಗೆ ತಮ್ಮದೇ ಪ್ರತಿಯೊಂದು ಸಿಕ್ಕಿರಲಾರದು. ಚಿತ್ರ ತೆಗೆದವನು ಅದನ್ನು ಒಯ್ದ, ಚಿತ್ರವಾದವನು ಇಲ್ಲೇ ಉಳಿದ.

ಈ ಲೆಕ್ಕ ಬದಲಾದದ್ದು ಮಕ್ಕಳಿಗಾಗಿ ಮಾಡಿದ ಒಂದು ರಟ್ಟಿನ ಡಬ್ಬಿಯಿಂದ. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲೇ ಕೊಡಾಕ್ ಎಂಬ ಸುಲಭದ ಕ್ಯಾಮೆರಾ ತಂದಿದ್ದ. ಅದಕ್ಕೆ 25 ಡಾಲರ್. ಸಾಮಾನ್ಯರಿಗೆ ಅದು ದೂರದ ಮಾತು. 1900ರಲ್ಲಿ ಅದೇ ಕಂಪನಿ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿತು. ಬ್ರೌನಿ ಅಂದರೆ ಆ ಕಾಲದ ಮಕ್ಕಳ ಕಥೆಗಳ ಪುಟ್ಟ ತುಂಟ ಭೂತಗಳು. ಮೊದಲ ವರ್ಷವೇ ಒಂದೂವರೆ ಲಕ್ಷ ಡಬ್ಬಿಗಳು ಹೋದವು. ಇವು ಆಟಿಕೆಗಳೇ. ಒಂದು ಸಾದಾ ಮಸೂರ, ಒಂದು ತಟ್ಟುವ ಬಟನ್ನು, ಫಿಲ್ಮು ಸುತ್ತುವ ಒಂದು ಕಿವಿ. ಆದರೆ 1916ರಲ್ಲಿ ಯೊಸೆಮಿಟಿ ಕಣಿವೆಗೆ ಹೋದ ಹುಡುಗ ಆನ್ಸೆಲ್ ಆಡಮ್ಸ್‌ನ ಕೈಯಲ್ಲಿದ್ದದ್ದೂ ಇದೇ ಬ್ರೌನಿ. 1901ರಲ್ಲಿ ಬ್ರೌನಿಯ ಎರಡನೇ ಮಾದರಿಗಾಗಿ ಹುಟ್ಟಿದ 120 ಎಂಬ ಅಳತೆಯ ಫಿಲ್ಮು ಇಂದಿಗೂ ತಯಾರಾಗುತ್ತಿದೆ. ಹಳೆಯ ಕ್ಯಾಮೆರಾಗಳ ಹವ್ಯಾಸ ಇನ್ನೂ ಬದುಕಿರುವುದಕ್ಕೆ ಇದೇ ದೊಡ್ಡ ಕಾರಣ.

ನಮ್ಮ ದೇಶದ ಬ್ರೌನಿ ಅಂದರೆ ಅಗ್ಫಾ ಕ್ಲಿಕ್-3. ಜರ್ಮನಿಯ ಅಗ್ಫಾ ಕಂಪನಿಯ ಕ್ಲಿಕ್ ಮಾದರಿಯನ್ನು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಇಲ್ಲೇ ತಯಾರಿಸುತ್ತಿತ್ತು. ಕಪ್ಪು ಪ್ಲಾಸ್ಟಿಕ್ಕಿನ ಮೈ, ಕಣ್ಣಿಗೆ ಹಿಡಿದು ನೋಡುವ ಚಿಕ್ಕ ಕಿಂಡಿ, 120ರ ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಅದರ ತಮ್ಮನಂತಿದ್ದ ಐಸೋಲಿಯಲ್ಲಿ ಅದೇ ರೀಲಿಗೆ ಹದಿನಾರು. ಬ್ಯಾಟರಿ ಬೇಡ, ಅಳತೆ ಬೇಡ. ಬಿಸಿಲಿನ ಗುರುತು, ಮೋಡದ ಗುರುತು ನೋಡಿ ತಿರುಗಿಸಿದರೆ ಮುಗಿಯಿತು. ಶಾಲಾ ಮಾಸ್ತರರು, ಪೋಸ್ಟಿನವರು, ಸೈನ್ಯದಿಂದ ರಜೆಗೆ ಬಂದವರು, ಹುಬ್ಬಳ್ಳಿ-ಬೆಳಗಾವಿಯಲ್ಲಿ ನೌಕರಿ ಹಿಡಿದವರು ಇದನ್ನು ಊರಿಗೆ ತಂದರು. ಈ ಸೀಮೆಯಲ್ಲಿ ನಾನು ಕಂಡ ಹಳೆಯ ಚೌಕ ಫೋಟೋಗಳಲ್ಲಿ ಹೆಚ್ಚಿನವು ಇಂಥ ಕೈಗಳವೇ. ಕಣದಲ್ಲಿ ಜೋಳದ ರಾಶಿ, ಹೊಸ ಎತ್ತಿನ ಜೋಡಿ, ಸೀಮಂತದ ಸೊಸೆ, ಮೊದಲ ಸೈಕಲ್ಲು. ಸ್ಟುಡಿಯೋದ ಫೋಟೋದಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ಮನೆಯ ಹಿರಿಯರು ಇವುಗಳಲ್ಲಿ ನಗುತ್ತಾರೆ. ಯಾಕೆಂದರೆ ಡಬ್ಬಿ ಹಿಡಿದವನು ಅವರದೇ ಮಗ, ಇಲ್ಲವೆ ಅಳಿಯ.

ಫಿಲ್ಮೂ ಇಲ್ಲಿಯದೇ ಆಗಬೇಕೆಂದು ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. 1967ರಲ್ಲಿ ಉತ್ಪಾದನೆ ಶುರುವಾಯಿತು. ಅದರ ಫಿಲ್ಮಿನ ಹೆಸರು 'ಇಂದು'. ಸಂಸ್ಕೃತದಲ್ಲಿ ಅದು ಚಂದ್ರ. ಕನ್ನಡದ ಕಿವಿಗೆ ಅದು ಈ ದಿನವೂ ಹೌದು. ಈ ದಿನವನ್ನು ಹಿಡಿದಿಡುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ. 1980ರ ದಶಕದಲ್ಲಿ ಕಿಸೆಯಲ್ಲಿ ಹಿಡಿಸುವ ಹಾಟ್ ಶಾಟ್ ಬಂತು. ಟೀವಿಯ ಜಾಹೀರಾತಿನಿಂದ ಅದು ಮನೆಮಾತಾಯಿತು. ಆಮೇಲೆ ಬಣ್ಣ ಬಂತು, ಡಿಜಿಟಲ್ ಬಂತು, ಮೊಬೈಲು ಬಂತು. ಊಟಿಯ ಕಾರ್ಖಾನೆ ಮುಚ್ಚಿತು. ಕ್ಲಿಕ್-3 ಅಟ್ಟ ಸೇರಿತು. ಅಲ್ಲಿಂದ ಗುಜರಿ ಅಂಗಡಿ ಸೇರಿತು.

ನಮ್ಮ ಜಾತ್ರೆಗಳ ಮಾತು ಹೇಳದೆ ಈ ಚರಿತ್ರೆ ಪೂರ್ತಿಯಾಗದು. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದ ಮಂದಿಗೆ ಪರದೆ ಕಟ್ಟಿದ ಫೋಟೋ ಅಂಗಡಿಯೂ ದರ್ಶನದ ಒಂದು ಭಾಗವೇ ಆಗಿತ್ತು. ಹಿಂದೆ ತಾಜಮಹಲು, ಮುಂದೆ ರಟ್ಟಿನ ಮೋಟಾರ್ ಸೈಕಲ್ಲು, ನಡುವೆ ಹಣೆತುಂಬ ಭಂಡಾರ ಹಚ್ಚಿಕೊಂಡ ಗಂಡ-ಹೆಂಡತಿ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಏಕೈಕ ಚಿತ್ರ ಅದೇ. ಪಕ್ಕದ ಆಟಿಕೆ ಅಂಗಡಿಯಲ್ಲಿ ಮಕ್ಕಳಿಗೆ ಬೇರೆಯದೇ ಕ್ಯಾಮೆರಾ. ಬಟನ್ ಒತ್ತಿದರೆ ಒಳಗೆ ಒಂದೊಂದಾಗಿ ದೇವರ ಪಟ, ಸಿನಿಮಾದವರ ಪಟ ಸರಿಯುತ್ತಿದ್ದವು. ಅದರಲ್ಲಿ ಚಿತ್ರ ತೆಗೆಯಲು ಬರುತ್ತಿರಲಿಲ್ಲ, ನೋಡಲಷ್ಟೇ ಬರುತ್ತಿತ್ತು. ಆದರೆ ಒಂದು ಕಣ್ಣು ಮುಚ್ಚಿ ಜಗತ್ತನ್ನು ಚೌಕಟ್ಟಿನೊಳಗೆ ನೋಡುವ ಚಟವನ್ನು ನಮ್ಮ ತಲೆಮಾರಿಗೆ ಹಚ್ಚಿದ್ದು ಆ ಪ್ಲಾಸ್ಟಿಕ್ ಡಬ್ಬಿಯೇ.

ಹೊರಗಿನ ಜಗತ್ತಿನಲ್ಲಿ ಆಟಿಕೆ ಕ್ಯಾಮೆರಾಗಳಿಗೆ ಎರಡನೇ ಜನ್ಮ ಸಿಕ್ಕಿದ್ದು ವಿಚಿತ್ರ ರೀತಿಯಲ್ಲಿ. 1960ರ ದಶಕದಲ್ಲಿ ಹಾಂಗ್‌ಕಾಂಗಿನಲ್ಲಿ ತಯಾರಾದ ಡಯಾನಾ ಎಂಬ ಅಗ್ಗದ ಕ್ಯಾಮೆರಾ ಸಂತೆಯ ಬಹುಮಾನವಾಗಿ ಕೊಡುವಂಥದ್ದು. ಅದರಿಂದಲೇ ನ್ಯಾನ್ಸಿ ರೆಕ್ಸ್‌ರೋತ್ 1977ರಲ್ಲಿ 'ಅಯೊವಾ' ಎಂಬ ಚಿತ್ರಪುಸ್ತಕ ತಂದರು. ಅಂಚು ಮಬ್ಬಾದ, ಕನಸಿನಂಥ ಆ ಚಿತ್ರಗಳು ಮಸೂರದ ದೋಷವನ್ನೇ ಭಾಷೆ ಮಾಡಿಕೊಂಡವು. 1980ರ ದಶಕದ ಆರಂಭದಲ್ಲಿ ಅದೇ ಹಾಂಗ್‌ಕಾಂಗಿನಿಂದ ಹೋಲ್ಗಾ ಬಂತು. 1991ರಲ್ಲಿ ವಿಯೆನ್ನಾದ ವಿದ್ಯಾರ್ಥಿಗಳು ಪ್ರಾಗ್‌ನಲ್ಲಿ ಲೋಮೊ ಎಂಬ ಸೋವಿಯತ್ ಕ್ಯಾಮೆರಾ ಕಂಡು ಮರುಳಾದರು. ಮರುವರ್ಷ ಅವರು ಕಟ್ಟಿದ ಸಂಘ ಇದನ್ನೆಲ್ಲ ಜಗತ್ತಿನ ಹವ್ಯಾಸ ಮಾಡಿತು. ಅವರಿಗೆ ಅದು ಹೊಸ ಸೊಗಸು. ನಮಗೆ ಅದು ಅಟ್ಟದ ಮೇಲಿನ ಹಳೆಯ ಸಾಮಾನು. ಎರಡರ ಒಳಗಿನ ವಿದ್ಯೆ ಒಂದೇ.

ಆ ವಿದ್ಯೆ ಏನೆಂದು ತಿಳಿಯಲು ಪುಸ್ತಕ ಬೇಕಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯೊಳಗೆ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಹಲವರು ನೋಡಿದ್ದೀರಿ. ನಮ್ಮ ಮಾಳಿಗೆ ಮನೆಗಳ ಕತ್ತಲ ಕೋಣೆಯಲ್ಲಿ ಬಾಗಿಲ ಸಣ್ಣ ತೂತಿನಿಂದ ಹಾದುಬಂದ ಬೆಳಕು ಎದುರಿನ ಗೋಡೆಯ ಮೇಲೆ ಬೀದಿಯ ಜನರನ್ನು ಬುಡಮೇಲಾಗಿ ನಡೆಸುತ್ತದೆ. ಕತ್ತಲ ಕೋಣೆ, ಸಣ್ಣ ತೂತು, ಎದುರಿಗೊಂದು ಗೋಡೆ. ಗೋಡೆಯ ಜಾಗದಲ್ಲಿ ಫಿಲ್ಮು ಇಟ್ಟರೆ, ತೂತಿಗೆ ಮಸೂರ ಕೂರಿಸಿದರೆ ಅದೇ ಕ್ಲಿಕ್-3.

ಈ ಹವ್ಯಾಸ ಹಿಡಿಯಬೇಕೆನ್ನುವ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕೆಂದು. ಮೊದಲು ಮನೆಯ ಅಟ್ಟ ಹುಡುಕಿ, ಆಮೇಲೆ ಮಾವನ ಮನೆಯ ಟ್ರಂಕು ಹುಡುಕಿ ಎನ್ನುತ್ತೇನೆ. ಸಿಕ್ಕ ಕ್ಯಾಮೆರಾಕ್ಕೆ 120 ಫಿಲ್ಮು ಹಿಡಿಸಿದರೆ ನಿಮ್ಮ ಅದೃಷ್ಟ. ಹಿಂಬದಿ ತೆಗೆದು ಬೆಳಕಿಗೆ ಹಿಡಿಯಿರಿ. ಬಟನ್ ಒತ್ತಿದಾಗ ಮಸೂರದಲ್ಲಿ ಬೆಳಕು ಮಿಂಚಿ ಮಾಯವಾದರೆ ಶಟರ್ ಜೀವಂತ. ಮಸೂರವನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಒಳಗಿನ ಖಾಲಿ ಉರುಳೆಯನ್ನು ಎಸೆಯಬಾರದು. 120 ಫಿಲ್ಮು ಒಂದು ಉರುಳೆಯಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ, ಮರಳಿ ಸುತ್ತುವ ಪದ್ಧತಿ ಅದಕ್ಕಿಲ್ಲ. ಮುಗಿದ ರೀಲಿನ ಖಾಲಿ ಉರುಳೆಯೇ ಮುಂದಿನ ರೀಲಿಗೆ ಆಸರೆ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಕಾಣುವ ಅಂಕಿಯೇ ಚಿತ್ರದ ಲೆಕ್ಕ. ಇಂದಿನ ಫಿಲ್ಮುಗಳು ಕೆಂಪು ಬೆಳಕನ್ನೂ ಹಿಡಿಯುವುದರಿಂದ, ಫಿಲ್ಮು ಸುತ್ತುವಾಗ ಬಿಟ್ಟು ಉಳಿದ ಹೊತ್ತು ಆ ಕಿಂಡಿಗೆ ಕರಿ ಟೇಪು ಅಂಟಿಸುವುದು ಒಳ್ಳೆಯದು.

ಫಿಲ್ಮಿನ ವೇಗ 100 ಇರಲಿ. ಈ ಡಬ್ಬಿಗಳ ಶಟರ್ ನಿಧಾನದ್ದು, ಸೆಕೆಂಡಿನ ಸುಮಾರು ಮೂವತ್ತನೇ ಒಂದು ಭಾಗ ತೆರೆದಿರುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ 400ರ ಫಿಲ್ಮು ಹಾಕಿದರೆ ಬೆಳಕು ಹೊಟ್ಟೆಬಿರಿಯುವಷ್ಟಾಗುತ್ತದೆ. ಕಪ್ಪು-ಬಿಳುಪಿನ ನೆಗೆಟಿವ್ ಹೆಚ್ಚು ಬೆಳಕನ್ನು ತಡೆದುಕೊಂಡೀತು, ಕತ್ತಲನ್ನು ತಡೆಯದು. ಆದ್ದರಿಂದ ಮನೆಯೊಳಗೆ ಚಿತ್ರ ತೆಗೆಯುವ ಆಸೆ ಬಿಡಿ. ಜನರನ್ನು ಕಟ್ಟೆಗೆ, ಅಂಗಳಕ್ಕೆ ಕರೆಯಿರಿ. ಹತ್ತು ಅಡಿಗಿಂತ ಹತ್ತಿರ ಹೋಗಬೇಡಿ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು, ಬಟನ್ನನ್ನು ಜಗ್ಗದೆ ಮೆಲ್ಲಗೆ ಒತ್ತಿ.

ಕಲಿಯಲು ನಮ್ಮ ನಾಲ್ಕು ಊರುಗಳೇ ಸಾಕು. ಕಿತ್ತೂರಿನ ಅರಮನೆಯ ಪಾಳುಗೋಡೆಗಳನ್ನು ನಡುಹಗಲಲ್ಲಿ ತೆಗೆದರೆ ಚಪ್ಪಟೆಯಾಗುತ್ತವೆ. ಬೆಳಗಿನ ಏಳು-ಎಂಟರ ಓರೆಬಿಸಿಲಿಗೆ ಹೋದರೆ ಒಂದೊಂದು ಗೂಡೂ ಎದ್ದು ಕಾಣುತ್ತದೆ. ಬೈಲಹೊಂಗಲ ತಾಲ್ಲೂಕಿನ ಸೊಗಲದ ಜಲಪಾತದಲ್ಲಿ ನಿಧಾನದ ಶಟರು ನೀರನ್ನು ಹತ್ತಿಯ ಎಳೆಯಂತೆ ಬಿಡಿಸುತ್ತದೆ. ಸವದತ್ತಿಯ ಕೋಟೆ, ಹೂಲಿಯ ಪಂಚಲಿಂಗೇಶ್ವರ ಗುಡಿಯ ಕಂಬಗಳು ಬರ್ಜೆಸ್ ಕಾಲದ ಕಣ್ಣಿನಿಂದ ನೋಡುವುದನ್ನು ಕಲಿಸುತ್ತವೆ. ರಾಮದುರ್ಗ ತಾಲ್ಲೂಕಿನ ಗೊಡಚಿಯ ಜಾತ್ರೆ, ಸುರೇಬಾನದ ಶಬರಿಕೊಳ್ಳ ಜನರನ್ನು ನೋಡುವುದನ್ನು ಕಲಿಸುತ್ತವೆ. ಹನ್ನೆರಡೇ ಚಿತ್ರ ಇರುವಾಗ ಮನುಷ್ಯ ತಾನಾಗಿಯೇ ಕಾಯುವುದನ್ನು ಕಲಿಯುತ್ತಾನೆ.

ತೊಳೆಯುವ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಬೆಳಕು ಹೋಗದ ಒಂದು ಟ್ಯಾಂಕು, ಡೆವಲಪರ್, ಹೈಪೋ, ಸಾಕಷ್ಟು ನೀರು. ಡೆವಲಪರ್ ಇಪ್ಪತ್ತು ಡಿಗ್ರಿಯ ಸುತ್ತಮುತ್ತ ಇರಬೇಕೆಂಬುದು ನಿಯಮ. ನಮ್ಮ ಬೇಸಿಗೆಯಲ್ಲಿ ನಳದ ನೀರು ಅದಕ್ಕಿಂತ ಎಷ್ಟೋ ಬಿಸಿ. ಹಿಂದಿನ ರಾತ್ರಿ ಹರವಿಯಲ್ಲಿಟ್ಟ ನೀರು ಬಹಳಷ್ಟು ದಾರಿ ಸವೆಸಿಕೊಡುತ್ತದೆ, ಉಳಿದದ್ದಕ್ಕೆ ಎರಡು ತುಂಡು ಮಂಜುಗಡ್ಡೆ. ಡೆವಲಪರ್ ಸಿಗದಿದ್ದರೆ ಪುಡಿ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದ ಕಷಾಯವೂ ಆಗುತ್ತದೆ. ಅಮೆರಿಕದ ರಾಚೆಸ್ಟರ್‌ನ ತಂತ್ರಜ್ಞಾನ ಸಂಸ್ಥೆಯ ತರಗತಿಯೊಂದು 1995ರಲ್ಲಿ ಕಾಫಿ-ಸೋಡಾದ ಈ ಉಪಾಯ ಕಂಡುಕೊಂಡಿತು. ವಿಟಮಿನ್ ಸಿ ಆಮೇಲೆ ಸೇರಿಕೊಂಡಿತು. ವಾಸನೆ ಮಾತ್ರ ಮನೆಮಂದಿ ಸಹಿಸಬೇಕು.

ಇಷ್ಟೆಲ್ಲ ಯಾಕೆ, ಕಿಸೆಯಲ್ಲಿ ಮೊಬೈಲು ಇದೆಯಲ್ಲ ಎಂದು ಕೇಳುವವರಿಗೆ ನಾನು 2019ರ ಆಗಸ್ಟ್ ನೆನಪಿಸುತ್ತೇನೆ. ಆ ತಿಂಗಳು ಮಲಪ್ರಭೆ ಉಕ್ಕಿ ಮುನವಳ್ಳಿ, ಸುರೇಬಾನ, ರಾಮದುರ್ಗದ ಮನೆಗಳಿಗೆ ನುಗ್ಗಿದಳು. ನೀರಿಳಿದ ಮೇಲೆ ಕಾಳಿನ ಚೀಲ, ಹಾಸಿಗೆಗಳ ಜೊತೆ ಆಲ್ಬಮ್ಮುಗಳೂ ಬೀದಿಗೆ ಬಂದವು. ಕೆಸರು ಮೆತ್ತಿ ಒಂದಕ್ಕೊಂದು ಅಂಟಿದ ಫೋಟೋಗಳನ್ನು ಕಂಡು ಅತ್ತ ಮುದುಕಿಯೊಬ್ಬರನ್ನು ನಾನು ನೋಡಿದೆ. ಮನೆಗೆ ಪರಿಹಾರ ಕೇಳಲು ಅರ್ಜಿ ಇತ್ತು. ಇದಕ್ಕೆ ಯಾವ ಅರ್ಜಿಯೂ ಇರಲಿಲ್ಲ. ಅದಕ್ಕೂ ಮೊದಲು, 1970ರ ದಶಕದಲ್ಲಿ, ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನೀರು ನಿಂತಾಗ ಮುಳುಗಿದ ನೆಲದವರಿಗೂ ಹಳೆಯ ಊರನ್ನು ಮೊಮ್ಮಕ್ಕಳಿಗೆ ತೋರಿಸಲು ಇರುವುದು ಬಾಯಿಮಾತು, ಇಲ್ಲವೆ ಯಾರೋ ತೆಗೆದ ಒಂದು ಚೌಕ ಚಿತ್ರ.

ನೆನೆದ ಫೋಟೋ, ನೆಗೆಟಿವ್‌ಗಳನ್ನು ಬಿಸಿಲಿಗೆ ಹಾಕಬಾರದು, ಒಣಗಿ ಅಂಟಿದವನ್ನು ಕೀಳಬಾರದು. ಒದ್ದೆಯಿರುವಾಗಲೇ ತಣ್ಣನೆಯ ಶುದ್ಧ ನೀರಿನ ಪರಾತದಲ್ಲಿ ಮುಳುಗಿಸಿ, ಮೆಲ್ಲಗೆ ಬಿಡಿಸಿ, ಚಿತ್ರದ ಮುಖ ಮುಟ್ಟದೆ, ನೆರಳಿನಲ್ಲಿ ದಾರಕ್ಕೆ ಚಿಮಟಿಗೆ ಹಾಕಿ ಒಣಗಿಸಬೇಕು. ಹಳೆಯ ಕಪ್ಪು-ಬಿಳುಪಿನ ನೆಗೆಟಿವ್ ಇದನ್ನು ಎಷ್ಟೋ ಸಲ ತಾಳಿಕೊಳ್ಳುತ್ತದೆ. ಒಂದು ನೆಗೆಟಿವ್ ಉಳಿದರೆ ಎಷ್ಟು ಫೋಟೋಗಳನ್ನಾದರೂ ಮತ್ತೆ ಮಾಡಬಹುದು. ಮನೆ ಮನೆಯಲ್ಲಿ ಜನ ಫೋಟೋ ಇಟ್ಟುಕೊಂಡು ನೆಗೆಟಿವ್ ಎಸೆಯುತ್ತಾರೆ. ಈ ಹವ್ಯಾಸಕ್ಕೆ ಬರುವವರು ಹೊಸ ಚಿತ್ರ ತೆಗೆಯುವುದಕ್ಕಿಂತ ಮೊದಲು ಎಸೆಯಲಿರುವ ಆ ಲಕೋಟೆಗಳನ್ನು ಉಳಿಸಲಿ ಎಂಬುದು ನನ್ನ ಬೇಡಿಕೆ. ಒಣ ಕಾಗದದಲ್ಲಿ ಸುತ್ತಿ, ಮೇಲೆ ಊರು, ವರ್ಷ, ಇದ್ದವರ ಹೆಸರು ಬರೆದು, ನೆಲದಿಂದ ಎತ್ತರದಲ್ಲಿಡಿ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಬರೆಯಿರಿ.

ಇನ್ನೊಂದು ಮಾತು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ. ಅಲ್ಲಿಯ ಜೋಗತಿಯರ ಚಿತ್ರಗಳನ್ನು ಹೊರಗಿನವರು ವರ್ಷಗಳಿಂದ ತೆಗೆದು ಒಯ್ದಿದ್ದಾರೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ರಾಜ್ಯದಲ್ಲಿ 1982ರದ್ದು. ಆ ಹೆಂಗಸರ ಬದುಕಿನ ಮಾತು ಕೇಳುವ ವ್ಯವಧಾನವಿಲ್ಲದೆ ಮುಖವನ್ನಷ್ಟೇ ಒಯ್ಯುವುದು ಎಂಟು ಸಂಪುಟದವರ ಹಳೆಯ ಚಾಳಿಯೇ. ಕಳೆದ ಜಾತ್ರೆಯಲ್ಲಿ ನನ್ನ ಕ್ಲಿಕ್-3 ನೋಡಿ ಒಬ್ಬ ಹಿರಿಯ ಜೋಗತಿ ತಾವೇ ಮಾತಿಗಿಳಿದರು.

"ತಮ್ಮಾ, ಇದು ನಮ್ಮ ಕಾಲದ ಡಬ್ಬಿ ಐತಲ್ಲೋ. ಇದರ ರೀಲ ಇನ್ನೂ ಸಿಗತಾವೇನು?"

"ಸಿಗತಾವ ಯವ್ವಾ. ನಿಮ್ಮದೊಂದು ಫೋಟೋ ತಗೀಲೇನು?"

"ತಗಿ. ಎಷ್ಟೋ ಮಂದಿ ತಗದಾರ, ಒಬ್ಬರೂ ಹೊಳ್ಳಿ ತಂದು ಕೊಟ್ಟಿಲ್ಲ. ನನಗೊಂದು ಕೊಡಬೇಕ ನೋಡು."

ಒಂದೂವರೆ ಶತಮಾನದ ಫೋಟೋಗ್ರಫಿಯ ಮೇಲೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಓದಿಲ್ಲ. ಆಟಿಕೆ ಕ್ಯಾಮೆರಾದ ದೊಡ್ಡತನ ಅದರ ಮಬ್ಬು ಅಂಚುಗಳಲ್ಲಿಲ್ಲ. ಚಿತ್ರವಾದವರ ಮನೆಗೇ ಚಿತ್ರ ಮರಳಿದ್ದರಲ್ಲಿದೆ. ಆದ್ದರಿಂದ ಹೊಸಬರಿಗೆ ನಾನು ಹೇಳುವ ಲೆಕ್ಕ ಇಷ್ಟೇ. ಒಂದು ರೀಲಿಗೆ ಹನ್ನೆರಡು ಚಿತ್ರ. ಆ ಹನ್ನೆರಡರಲ್ಲಿ ಯಾರ ಯಾರ ಮುಖ ಇದೆಯೋ ಅಷ್ಟು ಪ್ರತಿ ಮಾಡಿಸಿ. ಹಿಂದೆ ತಾರೀಖು ಬರೆಯಿರಿ. ಮುಂದಿನ ಹುಣ್ಣಿಮೆಯೊಳಗೆ ಒಯ್ದು ಕೊಟ್ಟುಬನ್ನಿ. ಆಮೇಲೆ ಎರಡನೇ ರೀಲು ಹಾಕಿ.